ಅಡ್ವಾನ್ಸ್ ಕೊಡೋಕ್ ಮುಂಚೆ ಬ್ಯಾಟರಿ ನೋಡಿ ಭಾವ

ಭಾವ, ನಿಮ್ಮ ವಾಯ್ಸ್ ಮೆಸೇಜ್ ಈಗ ಕೇಳಿಸ್ಕೊಂಡೆ. 2021ರ ಟಾಟಾ ನೆಕ್ಸಾನ್ ಇವಿ, ಅದೇ ಕರೆಂಟ್ ಕಾರು, ಐವತ್ತು ಸಾವಿರ ಕಿಲೋಮೀಟರ್ ಓಡಿದೆ, ಗಾಡಿ ಬೆಂಗಳೂರಲ್ಲಿದೆ, ಭಾನುವಾರ ಹೋಗಿ ಅಡ್ವಾನ್ಸ್ ಕೊಟ್ಬಿಡ್ಲಾ ಅಂದ್ರಲ್ಲ. ಕೊಡ್ಬೇಡಿ, ಒಂದು ವಾರ ತಡೀರಿ. ಗಾಡಿ ಬೇಡ ಅಂತಲ್ಲ. ನಾವು ಮೈಸೂರಲ್ಲಿ ತಗೊಂಡಿದ್ದೂ ಅದೇ ಗಾಡಿ, ಸೆಕೆಂಡ್ ಹ್ಯಾಂಡೇ, ದಿನಾ ಸ್ಕೂಲಿಗೆ ನಾನೇ ಓಡಿಸ್ಕೊಂಡು ಹೋಗ್ತೀನಿ. ಆದ್ರೆ ಬಾನೆಟ್ ಎತ್ತಿ ಇಂಜಿನ್ ಸದ್ದು ಕೇಳಿ ಹೇಳೋ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ ಏನೂ ಉಪಯೋಗ ಇಲ್ಲ. ನೀವು ಕೊಡೋ ದುಡ್ಡೆಲ್ಲ ಇರೋದು ಗಾಡಿ ಹೊಟ್ಟೆ ಕೆಳಗಿರೋ ಆ ಬ್ಯಾಟರೀಲಿ.

ಅದರ ಬ್ಯಾಟರಿ ಹೊಸದಾಗಿದ್ದಾಗ 30.2 ಯೂನಿಟ್‌ದು. ಈಗ ಎಷ್ಟು ಹಿಡಿಯುತ್ತೆ ಅಂತ ಮಾರೋರ ಮನೆ ಕರೆಂಟ್ ಮೀಟರೇ ಹೇಳುತ್ತೆ. ಮೊದ್ಲು ಒಂದ್ಸಲ ಪೂರ್ತಿ ಚಾರ್ಜ್ ಮಾಡಕ್ಕೆ ಹೇಳಿ, ಓಡಿಸಿ 20 ಪರ್ಸೆಂಟ್‌ಗೆ ಇಳಿಸ್ಲಿ, ರಾತ್ರಿ 15 ಆಂಪ್ ಪ್ಲಗ್ಗಿಗೆ ಹಾಕ್ಲಿ. ಹಾಕುವಾಗ ಮೀಟರ್ ಫೋಟೋ ಒಂದು, ಬೆಳಿಗ್ಗೆ 100 ಆದಾಗ ಒಂದು. ಫ್ರಿಜ್ಜು, ಫ್ಯಾನಿಗೆ ಒಂದೆರಡು ಯೂನಿಟ್ ಕಳೀರಿ. 20ರಿಂದ 100ಕ್ಕೆ ಅಂದ್ರೆ 30.2ರಲ್ಲಿ ಎಂಬತ್ತು ಪರ್ಸೆಂಟ್, ಹೆಚ್ಚುಕಮ್ಮಿ 24 ಯೂನಿಟ್. ನಮ್ಮ ಗಾಡೀಲಿ ಇಪ್ಪತ್ತೈದೂವರೆ ಬಂತು, ಚಾರ್ಜರ್ ಬಿಸಿಯಾಗಿ ವೇಸ್ಟ್ ಆದ ಕರೆಂಟೂ ಸೇರಿ. 25ರ ಮೇಲೆ ಬಂದ್ರೆ ಕಣ್ಮುಚ್ಚಿ ಮಾತಾಡಿ. 21 ಬಂದ್ರೆ ಬೆಲೆ ಚೆನ್ನಾಗಿ ಇಳಿಸ್ಬೇಕು, ಇಲ್ಲಾಂದ್ರೆ ಎದ್ದು ಬರ್ಬೇಕು.

ಮೊದ್ಲು ಪೂರ್ತಿ ಚಾರ್ಜ್ ಯಾಕೆ ಅಂದ್ರೆ, ಈ ಗಾಡೀಲಿರೋ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಮನೆ ಗ್ಯಾಸ್ ಸಿಲಿಂಡರ್ ಇದ್ದ ಹಾಗೆ. ಮುಗಿಯೋ ತನಕ ಉರಿ ಒಂದೇ ಥರ ಇರುತ್ತಲ್ಲ, ಉರಿ ನೋಡಿ ಎಷ್ಟು ಉಳಿದಿದೆ ಅಂತ ಗೊತ್ತಾಗಲ್ಲ. ಇದ್ರಲ್ಲೂ ವೋಲ್ಟೇಜು ಮಧ್ಯದಲ್ಲಿ ಅಲ್ಲಾಡೋದೇ ಕಮ್ಮಿ, ಪರ್ಸೆಂಟ್ ಲೆಕ್ಕ ತಪ್ಪುತ್ತೆ. ಆಗಾಗ ನೂರಕ್ಕೆ ಮುಟ್ಟಿಸಿದ್ರೆ ಲೆಕ್ಕ ಸರಿಹೋಗುತ್ತೆ.

ಇನ್ನೊಂದು, ಅದು ಬೆಂಗಳೂರು ಗಾಡಿ. 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಕಡೆ ಬೇಸ್‌ಮೆಂಟ್‌ಗಳಿಗೆಲ್ಲ ನೀರು ನುಗ್ಗಿತ್ತು, ನೆನಪಿದ್ಯಾ? ಸೀಟ್ ಬೆಲ್ಟ್ ಕೊನೇವರೆಗೂ ಎಳೀರಿ, ಬುಡದಲ್ಲಿ ಕೆಸರಿನ ಗೆರೆ ಇದ್ಯಾ ನೋಡಿ. ಕಾರ್ಪೆಟ್ ಎತ್ತಿ ಮೂಸಿ. ಲಿಫ್ಟ್ ಮೇಲೆ ಹತ್ತಿಸಿ ಬ್ಯಾಟರಿ ತಳ ಜಜ್ಜಿದ್ಯಾ ನೋಡಿ. ವಾರಂಟಿ ಎಂಟು ವರ್ಷ ಇಲ್ಲಾ 1,60,000 ಕಿಲೋಮೀಟರ್, ಯಾವ್ದು ಮೊದ್ಲೋ ಅದು. ಅಂದ್ರೆ 2029ಕ್ಕೆ ಮುಗೀತು. ನಿಮ್ಮ ಹೆಸರಿಗೆ ಅದು ಮುಂದುವರಿಯುತ್ತೆ ಅಂತ ಸರ್ವಿಸ್ ಸೆಂಟರಿಂದ ಬರಹದಲ್ಲಿ ತಗೊಳ್ಳಿ, ಬಾಯ್ಮಾತು ಬೇಡ.

ತಗೊಂಡ್ಮೇಲೆ ನಿಮ್ಮ ಕಲಬುರಗಿ ಬಿಸಿಲೇ ನಂಗೆ ಚಿಂತೆ. ಬ್ಯಾಟರಿಗೆ ಬಿಸಿಲಿಗಿಂತ ದೊಡ್ಡ ಶತ್ರು ಇಲ್ಲ, ಅದ್ರಲ್ಲೂ ನೂರು ತುಂಬಿಸಿ ಬಿಸಿಲಲ್ಲಿ ನಿಲ್ಲಿಸೋದು. ದಿನಾ ಎಂಬತ್ತರ ತನಕ ಸಾಕು. ಹದಿನೈದು ದಿನಕ್ಕೊಂದ್ಸಲ ನೂರು ಮಾಡಿ, ಮಾಡಿದ ಬೆಳಿಗ್ಗೆನೇ ಓಡಿಸಿ. ಮಧ್ಯಾಹ್ನ ಓಡಿಸ್ಕೊಂಡು ಬಂದು ಕೂಡಲೇ ಪ್ಲಗ್ ಹಾಕ್ಬೇಡಿ, ರಾತ್ರಿ ತಣ್ಣಗಾದ್ಮೇಲೆ ಹಾಕಿ. ಫಾಸ್ಟ್ ಚಾರ್ಜರು ಊರಿಗೆ ಹೋಗುವಾಗ ಮಾತ್ರ. ಊರಿಗೆ ಬರೋವಾಗ ಕಂಪನಿ ಹೇಳೋ 312 ಕಿಲೋಮೀಟರ್ ನಂಬ್ಕೊಂಡು ಹೊರಡ್ಬೇಡಿ, ಹೆದ್ದಾರೀಲಿ ನಮಗೆ ಸಿಗೋದು 190. ಅಕ್ಕಂಗೂ ಇದನ್ನೆಲ್ಲ ಕೇಳಿಸಿ, ಗಾಡಿ ಜಾಸ್ತಿ ಓಡಿಸೋದು ಅವಳೇ ತಾನೆ.

ಅರ್ತಿಂಗ್ ವಿಷಯ ಮರೀಬೇಡಿ. ನಾವು ಮೊದಲನೇ ರಾತ್ರಿ ಎಷ್ಟು ಸಂಭ್ರಮದಿಂದ ಪ್ಲಗ್ ಹಾಕಿದ್ವಿ, ಚಾರ್ಜರ್ ಡಬ್ಬೀಲಿ ಕೆಂಪು ಲೈಟು, ಚಾರ್ಜೇ ಆಗ್ಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಫೇಸಿಗೂ ಅರ್ತಿಗೂ ಬಲ್ಬ್ ಹಿಡಿದ್ರೆ ಮಿಣುಕು ಮಿಣುಕು, ಅಂದ್ರೆ ಅರ್ತಿಂಗ್ ಸರಿಯಿಲ್ಲ. ಹಿತ್ತಲಲ್ಲಿ ಟೈಲ್ಸ್ ಹಾಕ್ಸುವಾಗ ಹಳೇ ಅರ್ತಿಂಗ್ ಗುಂಡಿ ಮೇಲೇ ಸಿಮೆಂಟ್ ಬಳಿದಿದ್ರು. ನೀರು ಇಳೀದೆ ಮಣ್ಣು ಒಣಗಿ ಬೂದಿಯಾಗಿತ್ತು. ಹೊಸ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿಸಿದ್ಮೇಲೆ ಹಸಿರು ಲೈಟ್ ಬಂತು. ಈಗ್ಲೂ ಬೇಸಿಗೇಲಿ ಪ್ರತಿ ಶನಿವಾರ ಅದಕ್ಕೊಂದು ಬಕೆಟ್ ನೀರು ಹಾಕ್ತೀನಿ. ನಿಮ್ಮ ಕಡೆ ಮಣ್ಣು ಇನ್ನೂ ಒಣಗುತ್ತೆ, ಗಾಡಿ ಬರೋಕ್ ಮುಂಚೆನೇ ಇದನ್ನ ಮಾಡ್ಸಿಟ್ಟಿರಿ.

ಮಾರೋರ ಹತ್ರ ಇವತ್ತೇ ಮಾತಾಡಿ. ಮೀಟರ್ ಫೋಟೋ ಎರಡೂ ನಂಗೆ ಕಳಿಸಿ, ಲೆಕ್ಕ ನಾನು ಹಾಕ್ತೀನಿ.