ಅಪ್‌ಡೇಟ್: ವಿಂಡೋಸ್ 7ರಲ್ಲಿ ಸೈಟ್ ತೆರೆಯದ ಸಮಸ್ಯೆ ಬಗೆಹರಿಯಿತು

ಹೋದ ವಾರ ಕೇಳಿದ್ದೆನಲ್ಲ, ಹಳೇ ವಿಂಡೋಸ್ 7 ಕಂಪ್ಯೂಟರಿನಲ್ಲಿ ಎಷ್ಟೋ ಸೈಟುಗಳು 'ಸುರಕ್ಷಿತವಲ್ಲ' ಅಂತ ತೆರೆಯುವುದೇ ಇಲ್ಲ ಅಂತ, ಅದು ಸರಿಹೋಯಿತು.

ಕಂಪ್ಯೂಟರಿನ ತಾರೀಕು ತಪ್ಪಿದ್ದರೂ ಹೀಗಾಗುತ್ತದೆ, ನೋಡಿ ಅಂದವರಿಗೆ ಥ್ಯಾಂಕ್ಸ್, ಅದು ಸರಿಯಾಗೇ ಇತ್ತು. ಕ್ಯಾಶೆ (ಬ್ರೌಸರ್ ಉಳಿಸಿಟ್ಟುಕೊಂಡ ಹಳೇ ಪುಟಗಳ ಪ್ರತಿ) ಅಳಿಸಿದ್ದೂ ಉಪಯೋಗಕ್ಕೆ ಬರಲಿಲ್ಲ. ಕೆಲಸ ಮಾಡಿದ್ದು ಫೈರ್‌ಫಾಕ್ಸ್ ಇಎಸ್‌ಆರ್ 115 (ಹೆಚ್ಚು ಕಾಲ ಅಪ್‌ಡೇಟ್ ಸಿಗುವ ಫೈರ್‌ಫಾಕ್ಸ್ ಬ್ರೌಸರಿನ ಆವೃತ್ತಿ) ಹಾಕಿಕೊಳ್ಳಿ ಅಂದ ಸಲಹೆ. ಕಾರಣವೂ ಸಲಹೆ ಕೊಟ್ಟವರೇ ಹೇಳಿದರು: ಲೆಟ್ಸ್ ಎನ್‌ಕ್ರಿಪ್ಟ್ (ಸೈಟುಗಳಿಗೆ 'ಇದು ಅಸಲಿ' ಅನ್ನುವ ಸರ್ಟಿಫಿಕೇಟನ್ನು ಉಚಿತವಾಗಿ ಕೊಡುವ ಸಂಸ್ಥೆ) ಬಳಸುವ ಸೈಟುಗಳು ನೆಚ್ಚಿಕೊಂಡಿದ್ದ ಹಳೇ ರೂಟ್ ಸರ್ಟಿಫಿಕೇಟಿನ (ಉಳಿದವನ್ನು ನಂಬಲು ಆಧಾರವಾಗುವ ಮೂಲ ಸರ್ಟಿಫಿಕೇಟ್) ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ, ಹೊಸದು ನನ್ನ ವಿಂಡೋಸಿನಲ್ಲಿ ಇಲ್ಲ, ನನ್ನ ಹಳೇ ಕ್ರೋಮ್ ಯಾವ ಸರ್ಟಿಫಿಕೇಟ್ ನಂಬಬೇಕು ಅಂತ ವಿಂಡೋಸಿನ ಪಟ್ಟಿಯನ್ನೇ ನೋಡುತ್ತದೆ, ಫೈರ್‌ಫಾಕ್ಸ್ ಆದರೆ ತನ್ನದೇ ಪಟ್ಟಿ ಇಟ್ಟುಕೊಂಡಿರುತ್ತದೆ.

'2020ರಲ್ಲೇ ವಿಂಡೋಸ್ 7ರ ಸಪೋರ್ಟ್ (ಮಾಮೂಲಿ ಭದ್ರತಾ ಅಪ್‌ಡೇಟ್) ನಿಂತಿದೆ, ಬಿಸಾಕಿ' ಅಂದವರೂ ಇದ್ದರು. ಗೊತ್ತು ಸ್ವಾಮಿ! ನನ್ನ ಸ್ಕ್ಯಾನರಿಗೆ ಆಮೇಲಿನ ವಿಂಡೋಸಿನ ಡ್ರೈವರ್ ಇಲ್ಲ, ಅಷ್ಟೇ. ನೆರವಾದವರು ಮೊದಲು ಕೇಳಿದ್ದೇ 'ಇದನ್ನೇ ಯಾಕೆ ಇಟ್ಟುಕೊಂಡಿದ್ದೀರಿ' ಅಂತ, ಅದೂ ಸಮಾಧಾನವಾಗಿ. ಆಮೇಲೆ, ಇದರಲ್ಲಿ ಬ್ಯಾಂಕ್ ಕೆಲಸ ಬೇಡ, ಸ್ಕ್ಯಾನ್ ಮುಗಿದ ಮೇಲೆ ನೆಟ್ ತೆಗೆದುಬಿಡಿ ಅಂದರು. ಸುಮ್ನೆ ಬೈದು ಹೇಳಿದ್ದರೆ ಈ ಮಾತು ನನ್ನ ಕಿವಿಗೇ ಹೋಗುತ್ತಿರಲಿಲ್ಲ ಅನ್ನಿ. ಈಗ ಹಾಗೇ ಮಾಡುತ್ತಿದ್ದೇನೆ. ಬಿಸಾಕಿ ಅಂದವರಲ್ಲೇ ಒಬ್ಬರು ಆಮೇಲೆ ನನಗಾಗಿ ಡ್ರೈವರ್ ಹುಡುಕಲು ಕೂತರು. ಸಿಗಲಿಲ್ಲ, ಆದರೂ ಖುಷಿಯಾಯಿತು.