ಗ್ರಾಹಕ ಪತ್ರಿಕೆ ಕ್ಯಾಮೆರಾಗೆ ಕೊಡುವ ಅಂಕವನ್ನು ಎಷ್ಟು ನಂಬಬಹುದು?

ಪ್ರಶ್ನೆ, ಸಾಗರದಿಂದ

ವಿದೇಶದ ಗ್ರಾಹಕ ಪತ್ರಿಕೆಯೊಂದು ಎರಡು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಿಗೆ 79 ಮತ್ತು 75 ಅಂಕ ಕೊಟ್ಟಿದೆ. ಬೆಲೆ ಹೆಚ್ಚುಕಡಿಮೆ ಒಂದೇ. ಮಕ್ಕಳ ಶಾಲಾ ವಾರ್ಷಿಕೋತ್ಸವ, ತೋಟಕ್ಕೆ ಬರುವ ಹಕ್ಕಿಗಳು, ವರ್ಷಕ್ಕೊಮ್ಮೆ ಮಂಡಗದ್ದೆ ಪಕ್ಷಿಧಾಮ, ಇಷ್ಟಕ್ಕೆ ಬೇಕು. ವಿಡಿಯೊ ಅಪರೂಪ. 79 ಬಂದಿರುವುದನ್ನೇ ತಗೊಳ್ಳಲಾ? ಅಂಗಡಿಯವರು ಎರಡೂ ಬೇಡ, ಮೂರನೆಯದು ತಗೊಳ್ಳಿ ಅಂತಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಿ.

ಸ್ಟುಡಿಯೊ ನಡೆಸುವವರು

ಸರ್, ಮೊದಲು ಆ ಪತ್ರಿಕೆಗೆ ದುಡ್ಡು ಎಲ್ಲಿಂದ ಬರುತ್ತದೆ ನೋಡಿ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ (1936ರಿಂದ ಇದೆ), ಬ್ರಿಟನ್ನಿನ ವಿಚ್? (1957), ಇವು ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಕ್ಯಾಮೆರಾವನ್ನು ಅಂಗಡಿಯಿಂದಲೇ ದುಡ್ಡು ಕೊಟ್ಟು ತಂದು ಪರೀಕ್ಷಿಸುತ್ತವೆ. ಕಂಪನಿ ಆರಿಸಿ ಕಳಿಸಿದ ಪೀಸ್ ಅಲ್ಲ ಅನ್ನುವುದು ದೊಡ್ಡ ವಿಷಯ. ಹಾಗಾಗಿ ಅವರ ಪ್ರಾಮಾಣಿಕತೆಯ ಬಗ್ಗೆ ಅನುಮಾನ ಬೇಡ. ತೊಂದರೆ ಇರುವುದು ಒಟ್ಟು ಅಂಕದಲ್ಲಿ.

ಒಟ್ಟು ಅಂಕ ಅಂದರೆ ಹಲವು ಪರೀಕ್ಷೆಗಳ ಅಂಕಕ್ಕೆ ಬೇರೆ ಬೇರೆ ತೂಕ ಕೊಟ್ಟು ಕೂಡಿಸಿದ್ದು. ಒಂದು ಲೆಕ್ಕ ಮಾಡಿ ನೋಡೋಣ. ಮೊದಲ ಕ್ಯಾಮೆರಾಗೆ ಚಿತ್ರದ ಗುಣಮಟ್ಟ 80, ವಿಡಿಯೊ 90, ಫೋಕಸ್ 60 ಬಂದಿದೆ ಅಂದುಕೊಳ್ಳಿ. ಎರಡನೆಯದಕ್ಕೆ 80, 60, 85. ಪತ್ರಿಕೆ ಈ ಮೂರಕ್ಕೆ ಕ್ರಮವಾಗಿ ಶೇ. 50, 30, 20 ತೂಕ ಕೊಟ್ಟರೆ ಮೊದಲನೆಯದಕ್ಕೆ 79, ಎರಡನೆಯದಕ್ಕೆ 75. ನಿಮ್ಮ ಅಗತ್ಯಕ್ಕೆ ತಕ್ಕಂತೆ ತೂಕವನ್ನು 40, 10, 50 ಮಾಡಿ. ಮೊದಲನೆಯದು 71ಕ್ಕೆ ಇಳಿಯುತ್ತದೆ, ಎರಡನೆಯದು 80.5ಕ್ಕೆ ಏರುತ್ತದೆ. ಪರೀಕ್ಷೆಯೂ ಅದೇ, ಕ್ಯಾಮೆರಾಗಳೂ ಅವೇ, ಗೆದ್ದದ್ದು ಮಾತ್ರ ಬೇರೆ. ಆದ್ದರಿಂದ ಕೋಷ್ಟಕದಲ್ಲಿ ಒಟ್ಟು ಅಂಕದ ಕಾಲಂ ಬಿಟ್ಟು, ಒಂದೊಂದು ಪರೀಕ್ಷೆಯ ಬಿಡಿ ಅಂಕಗಳನ್ನು ಬರೆದುಕೊಂಡು ನಿಮ್ಮ ತೂಕದಿಂದ ಮತ್ತೆ ಕೂಡಿಸಿ. ಬಿಡಿ ಅಂಕ ಕೊಡದ ಪತ್ರಿಕೆಯಾದರೆ ಆ ಸಂಖ್ಯೆಯಿಂದ ನಿಮಗೆ ಏನೂ ಪ್ರಯೋಜನವಿಲ್ಲ.

‘ಬೆಲೆಗೆ ತಕ್ಕ ಮೌಲ್ಯ’ ಅನ್ನುವ ಅಂಕವನ್ನಂತೂ ಪೂರ್ತಿ ಬಿಡಿ. ಅದು ಡಾಲರ್, ಪೌಂಡಿನ ಲೆಕ್ಕ. ನಮ್ಮಲ್ಲಿ ಲೆನ್ಸ್ ಜೋಡಿಸಿ ಕೊಡುವ ಕಿಟ್‌ಗಳೇ ಬೇರೆ, ಬೆಲೆಯ ಅಂತರವೂ ಬೇರೆ.

ಹಕ್ಕಿ ಫೋಟೊ ತೆಗೆಯುವವರು

ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ಇನ್ನೊಂದು ಸೇರಿಸಿ: ಗ್ರಾಹಕ ಪತ್ರಿಕೆಗಳು ಸಾಮಾನ್ಯವಾಗಿ ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿನಲ್ಲೇ ನೋಡುತ್ತವೆ. ಮನೆಮಂದಿಯ ಫೋಟೊಗೆ ಅದು ಸರಿಯಾದ ಪರೀಕ್ಷೆಯೇ. ಹಕ್ಕಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಎಪಿಎಸ್-ಸಿ ಎನ್ನುವ ಮಧ್ಯಮ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಇರುವ ಕ್ಯಾಮೆರಾದಲ್ಲಿ 300 ಎಂಎಂಗಿಂತ ಕಡಿಮೆಯ ಲೆನ್ಸ್ ಹಕ್ಕಿಗೆ ಸಾಲದು (ಎಂಎಂ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). ಕ್ಯಾನನ್‌ನ ಆರ್‌ಎಫ್ 100-400 ಥರದ ಹಗುರ ಲೆನ್ಸ್ (635 ಗ್ರಾಂ) 400 ಎಂಎಂನಲ್ಲಿ ಎಫ್/8ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ). ಅಡಿಕೆ ತೋಟದ ನೆರಳಿನಲ್ಲಿ, ಎಫ್/8ರಲ್ಲಿ, ಕೂತಲ್ಲಿ ಕೂರದ ಹಕ್ಕಿಗೆ 1/1000 ಸೆಕೆಂಡ್ ಇಟ್ಟರೆ ಐಎಸ್‌ಒ 6400 ತಲುಪುತ್ತದೆ (ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವ ಅಂಕೆ, ಏರಿದಷ್ಟೂ ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಹೆಚ್ಚು). ಹಾಗಾಗಿ ವಿಮರ್ಶೆಯಲ್ಲಿ ಐಎಸ್‌ಒ 100ರ ಚಿತ್ರ ನೋಡಿ ಮೆಚ್ಚಬೇಡಿ, 6400ರದ್ದನ್ನು ನೋಡಿ. ಅದೂ ಕ್ಯಾಮೆರಾ ತಾನೇ ತಿದ್ದಿ ಕೊಡುವ ಜೆಪೆಗ್ ಅಲ್ಲ, ತಿದ್ದದ ಮೂಲ ರಾ ಫೈಲ್. ಜೆಪೆಗ್‌ನಲ್ಲಿ ಒಂದು ಕಂಪನಿ ನಾಯ್ಸ್ ಒರೆಸಿ ಗರಿಗಳನ್ನೂ ಒರೆಸಿಬಿಡುತ್ತದೆ, ಇನ್ನೊಂದು ಶಾರ್ಪ್‌ನೆಸ್ ಏರಿಸಿ ಇಡುತ್ತದೆ. ಪತ್ರಿಕೆ ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲೇ ನೋಡಿದ್ದರೆ ಅಂಕ ಸಿಕ್ಕಿರುವುದು ಸೆನ್ಸರಿಗಲ್ಲ, ಆ ಸೆಟ್ಟಿಂಗಿಗೆ.

ಡಿಪಿರಿವ್ಯೂ ಎನ್ನುವ ಕ್ಯಾಮೆರಾ ವಿಮರ್ಶೆಯ ವೆಬ್‌ಸೈಟ್ ಒಂದೇ ದೃಶ್ಯವನ್ನು ಬೇರೆ ಬೇರೆ ಕ್ಯಾಮೆರಾಗಳಲ್ಲಿ ತೆಗೆದ ರಾ ಫೈಲ್‌ಗಳನ್ನು ಉಚಿತವಾಗಿ ಕೊಡುತ್ತದೆ. ಎರಡನ್ನೂ ಇಳಿಸಿಕೊಂಡು ಡಾರ್ಕ್‌ಟೇಬಲ್ ಅಥವಾ ರಾ ಥೆರಪಿಯಲ್ಲಿ (ರಾ ಫೈಲ್ ತೆರೆಯುವ ಉಚಿತ ತಂತ್ರಾಂಶಗಳು) ಒಂದೇ ಸೆಟ್ಟಿಂಗ್ ಕೊಟ್ಟು ತೆರೆಯಿರಿ. 20 ಮೆಗಾಪಿಕ್ಸೆಲ್‌ನದನ್ನೂ 32 ಮೆಗಾಪಿಕ್ಸೆಲ್‌ನದನ್ನೂ ಶೇ. 100 ಹಿಗ್ಗಿಸಿ ಹೋಲಿಸಬೇಡಿ, ಹೆಚ್ಚು ಪಿಕ್ಸೆಲ್ ಇರುವುದಕ್ಕೆ ಅನ್ಯಾಯವಾಗುತ್ತದೆ. ಎರಡನ್ನೂ ಒಂದೇ ಅಗಲಕ್ಕೆ, 3000 ಪಿಕ್ಸೆಲ್ ಎನ್ನಿ, ಇಳಿಸಿ ನೋಡಿ.

ಫೋಕಸ್ ಅಂಕ ನೋಡುವಾಗ ವಿಮರ್ಶೆಯ ತಾರೀಖನ್ನೂ ನೋಡಿ. ನಿಕಾನ್ ಝಡ್6 ಬಂದದ್ದು 2018ರಲ್ಲಿ. ಕಣ್ಣು ಗುರುತಿಸಿ ಫೋಕಸ್ ಮಾಡುವುದು ಅದಕ್ಕೆ ಬಂದದ್ದು 2019ರ ಮೇನಲ್ಲಿ, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) 2.0 ಮೂಲಕ. 2018ರ ವಿಮರ್ಶೆ ಓದಿದವರಿಗೆ ಆ ಕ್ಯಾಮೆರಾದ ಅರ್ಧ ಮಾತ್ರ ಗೊತ್ತು. ವಿಮರ್ಶೆ ಯಾವ ಫರ್ಮ್‌ವೇರ್‌ನಲ್ಲಿ ಆಯಿತು, ಈಗಿರುವುದು ಯಾವುದು ಎಂದು ಕಂಪನಿಯ ಡೌನ್‌ಲೋಡ್ ಪುಟದಲ್ಲಿ ಹೋಲಿಸಿ ನೋಡಿ, ಐದು ನಿಮಿಷದ ಕೆಲಸ.

ಇನ್ನೊಬ್ಬರು

ವಿದೇಶದ ಪತ್ರಿಕೆ ಅಂದಿರಿ, ಹೆಸರಿನಲ್ಲಿ ಎಡವಬೇಡಿ. ಕ್ಯಾನನ್ ಒಂದೇ ಕ್ಯಾಮೆರಾವನ್ನು ಊರಿಗೊಂದು ಹೆಸರಿನಲ್ಲಿ ಮಾರಿದೆ. ನಮ್ಮ 1500ಡಿ ಯುರೋಪಿನಲ್ಲಿ 2000ಡಿ, ಅಮೆರಿಕದಲ್ಲಿ ರೆಬೆಲ್ ಟಿ7. ನಮ್ಮ 200ಡಿ ಮಾರ್ಕ್ 2 ಅಲ್ಲಿ 250ಡಿ, ರೆಬೆಲ್ ಎಸ್ಎಲ್3. ‘1500ಡಿ’ ಅಂತ ಹುಡುಕಿ ಪಟ್ಟಿಯಲ್ಲೇ ಇಲ್ಲ ಅಂದುಕೊಳ್ಳುವವರು ಬಹಳ ಜನ.

ಕ್ಯಾಮೆರಾ ರಿಪೇರಿಯವರು

ಬ್ಯಾಟರಿ ಅಂಕವನ್ನು ಬಹುಮಟ್ಟಿಗೆ ನಂಬಬಹುದು, ಆದರೆ ಪರೀಕ್ಷೆ ಹೇಗಾಯಿತು ಗೊತ್ತಿರಲಿ. ಕಂಪನಿಗಳು ಹೇಳುವ ‘ಇಷ್ಟು ಶಾಟ್’ ಜಪಾನಿನ ಸಿಪಾ ಸಂಸ್ಥೆಯ ಪದ್ಧತಿಯದು: 30 ಸೆಕೆಂಡಿಗೊಂದು ಶಾಟ್, ಫ್ಲ್ಯಾಶ್ ಇದ್ದರೆ ಒಂದು ಬಿಟ್ಟು ಒಂದಕ್ಕೆ ಫ್ಲ್ಯಾಶ್, ಆಗಾಗ ಆಫ್ ಮಾಡಿ ಆನ್ ಮಾಡುವುದು. ಒಳಗೇ ಫ್ಲ್ಯಾಶ್ ಇರುವ ಕ್ಯಾಮೆರಾಗೆ ಇದರಿಂದ ಸಂಖ್ಯೆ ಕಡಿಮೆ ಬರುತ್ತದೆ, ಇಲ್ಲದ್ದಕ್ಕೆ ಹೆಚ್ಚು. ಒಂದು 300, ಇನ್ನೊಂದು 400 ಎಂದ ಮಾತ್ರಕ್ಕೆ ಎರಡನೆಯ ಬ್ಯಾಟರಿ ಒಳ್ಳೆಯದು ಎಂದಲ್ಲ. ಹಕ್ಕಿಗೆ ಬರ್ಸ್ಟ್‌ನಲ್ಲಿ (ಒಂದರ ಹಿಂದೊಂದು ಬೇಗಬೇಗ) ಹೊಡೆದರೆ ಹೇಳಿದ್ದರ ಮೂರು ನಾಲ್ಕು ಪಟ್ಟು ಶಾಟ್ ಸುಲಭವಾಗಿ ಬರುತ್ತದೆ. ಹಕ್ಕಿಗಾಗಿ ಕಾಯುತ್ತ ವ್ಯೂಫೈಂಡರ್ ಆನ್ ಇಟ್ಟರೆ ಒಂದೂ ಹೊಡೆಯದೆ ಖಾಲಿಯಾಗುತ್ತದೆ.

ಓದುಗರ ಸಮೀಕ್ಷೆಯಿಂದ ತೆಗೆದ ‘ಬಾಳಿಕೆ’ ಪಟ್ಟಿ ಗ್ರಾಹಕ ಪತ್ರಿಕೆಗಳ ನಿಜವಾದ ಆಸ್ತಿ, ಬೇರೆಲ್ಲೂ ಸಿಗುವುದಿಲ್ಲ. ಆದರೆ ಅದು ಬ್ರ್ಯಾಂಡಿನ ಹಳೆಯ ಮಾಡೆಲ್‌ಗಳ ಲೆಕ್ಕ. ಮೊನ್ನೆ ಬಿಡುಗಡೆಯಾದದ್ದಕ್ಕೆ ಅನ್ವಯಿಸುತ್ತದೆ ಅನ್ನಲಾಗದು. ಮತ್ತೆ ಆ ಸಮೀಕ್ಷೆಯಲ್ಲಿ ಮಲೆನಾಡಿನ ಮಳೆಗಾಲ ಇಲ್ಲ. ನಿಮ್ಮ ಕಡೆ ಲೆನ್ಸ್ ಹಾಳಾಗುವುದು ಹೆಚ್ಚಾಗಿ ಫಂಗಸ್‌ನಿಂದ. ಚರ್ಮದ ಬ್ಯಾಗಿನಲ್ಲಿ ಮುಚ್ಚಿಟ್ಟರೆ ಒಂದೇ ಮಳೆಗಾಲ ಸಾಕು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇರಲಿ.

ಪತ್ರಿಕೆ ಒಂದೋ ಎರಡೋ ಪೀಸ್ ನೋಡಿರುತ್ತದೆ, ನಿಮ್ಮ ಕೈಗೆ ಬರುವುದು ಬೇರೆ ಪೀಸ್. ಕಿಟ್ ಲೆನ್ಸುಗಳಲ್ಲಿ ಒಳಗಿನ ಗಾಜು ಕೊಂಚ ಓರೆ ಕೂತು ಒಂದು ಮೂಲೆ ಮಸುಕಾಗುವುದು ಅಪರೂಪವಲ್ಲ. ಅದನ್ನು ಯಾವ ಅಂಕವೂ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ನನ್ನ ತೂಕದಲ್ಲಿ ಕೂಡಿಸಿದೆ, 75 ಬಂದಿದ್ದೇ ಮೇಲೆ ಬಂತು. ಪೀಸ್ ಸರಿಯಿದೆಯೇ ಎಂದು ಮನೆಯಲ್ಲಿ ನೋಡುವುದು ಹೇಗೆ? ಶಾಲೆಯ ಸಭಾಂಗಣಕ್ಕೆ ಕಿಟ್ ಲೆನ್ಸ್ ಸಾಕೇ?

ಕ್ಯಾಮೆರಾ ರಿಪೇರಿಯವರು

ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಸುಕ್ಕಿಲ್ಲದಂತೆ ಅಂಟಿಸಿ. ಟ್ರೈಪಾಡ್, ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್, 2 ಸೆಕೆಂಡ್ ಟೈಮರ್, ಲೆನ್ಸ್ ಪೂರ್ತಿ ತೆರೆದಿರಲಿ. 18, 35, 55 ಎಂಎಂ ಮೂರರಲ್ಲೂ ತೆಗೆದು ನಾಲ್ಕು ಮೂಲೆಗಳನ್ನು ಹಿಗ್ಗಿಸಿ ನೋಡಿ. ನಾಲ್ಕೂ ಸಮವಾಗಿ ಸ್ವಲ್ಪ ಮಸುಕಾಗಿದ್ದರೆ ಅದು ಆ ಲೆನ್ಸಿನ ಗುಣ, ಬಿಡಿ. ಒಂದೇ ಮೂಲೆ ಕೆಟ್ಟಿದ್ದರೆ ಕ್ಯಾಮೆರಾ ತಲೆಕೆಳಗು ಮಾಡಿ ಮತ್ತೆ ತೆಗೆಯಿರಿ. ಫೈಲನ್ನು ತಿರುಗಿಸದೆ ನೋಡಿದಾಗಲೂ ಮಸುಕು ಫ್ರೇಮಿನ ಅದೇ ಮೂಲೆಯಲ್ಲಿದ್ದರೆ ಲೆನ್ಸಿನ ದೋಷ, ಬದಲಿಸಿ ಕೇಳಿ. ಎದುರು ಮೂಲೆಗೆ ಹೋದರೆ ಕ್ಯಾಮೆರಾ ಗೋಡೆಗೆ ನೇರವಾಗಿರಲಿಲ್ಲ ಅಷ್ಟೆ. ಆಮೇಲೆ ಬಿಳಿ ಆಕಾಶವನ್ನು ಎಫ್/16ರಲ್ಲಿ ಒಂದು ತೆಗೆಯಿರಿ, ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಇಷ್ಟನ್ನೂ ವಾಪಸಿನ ಗಡುವು ಮುಗಿಯುವ ಮೊದಲೇ ಮಾಡಿ. ಬಾಕ್ಸಿನ ಸೀರಿಯಲ್ ನಂಬರ್ ಬಿಲ್ಲಿನಲ್ಲೂ ವಾರಂಟಿ ಕಾರ್ಡಿನಲ್ಲೂ ಒಂದೇ ಇರಲಿ. ಬಿಲ್ಲಿಲ್ಲದೆ ಹೊರದೇಶದಿಂದ ಬಂದ ಪೀಸ್ ನಾಲ್ಕು ಸಾವಿರ ಕಡಿಮೆಗೆ ಸಿಕ್ಕರೂ ಬೇಡ.

ಸ್ಟುಡಿಯೊ ನಡೆಸುವವರು

ಸಭಾಂಗಣಕ್ಕೆ ಕಿಟ್ ಲೆನ್ಸ್ ಕಷ್ಟ ಸರ್. 50 ಎಂಎಂ ಎಫ್/1.8 ಒಂದು ಸೇರಿಸಿ. ಕಿಟ್ ಲೆನ್ಸಿನ ಎಫ್/5.6ಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬರುತ್ತದೆ, ಐಎಸ್‌ಒ 6400 ಬೇಕಿದ್ದ ಕಡೆ 800ರಲ್ಲೇ ಮುಗಿಯುತ್ತದೆ. ಕುಣಿಯುವ ಮಕ್ಕಳಿಗೆ ಶಟರ್ 1/250ಕ್ಕಿಂತ ಕೆಳಗೆ ಇಳಿಸಬೇಡಿ. ಮುಂದಿನ ಮೂರು ಸಾಲಿನೊಳಗೆ ಜಾಗ ಹಿಡಿಯಿರಿ, ಈ ಲೆನ್ಸ್ ಜೂಮ್ ಆಗುವುದಿಲ್ಲ.