ಚಳಿಯಲ್ಲಿ ಓಟ, ಆಟ: ಕ್ರೀಡಾ ವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಹತ್ತು ಕಿಲೋಮೀಟರ್ ಓಡುವವಳು. ಚಳಿ ಇದ್ದ ದಿನ ಮೊದಲ ಎರಡು ಕಿಲೋಮೀಟರ್ ಕಾಲು ಕೊರಡಿನ ಹಾಗೆ ಇರುತ್ತದೆ. ಆಮೇಲೆ ಸೆಕೆಯ ದಿನಕ್ಕಿಂತ ಚೆನ್ನಾಗಿ ಓಡುತ್ತೇನೆ. ಹಾಗಾದರೆ ಓಟಕ್ಕೆ ಚಳಿ ಒಳ್ಳೆಯದಾ, ಕೆಟ್ಟದ್ದಾ?

ಉತ್ತರ: ದೂರದ ಓಟಕ್ಕೆ ತಂಪು ಹವೆ ಒಳ್ಳೆಯದೇ. ಓಡುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಶಾಖವಾಗಿಬಿಡುತ್ತದೆ. ಸೆಕೆಯಲ್ಲಿ ಅದನ್ನು ಹೊರಹಾಕಲು ರಕ್ತ ಚರ್ಮದ ಕಡೆಗೂ ಜಾಸ್ತಿ ಹರಿಯಬೇಕು. ತಂಪಿನಲ್ಲಿ ಹೃದಯಕ್ಕೆ ಆ ಹೊರೆ ಇಲ್ಲ. 1997ರ ಒಂದು ಪ್ರಯೋಗದಲ್ಲಿ ಕೆಲವರಿಗೆ ಬೇರೆ ಬೇರೆ ತಾಪಮಾನದಲ್ಲಿ, ಪೂರ್ತಿ ಸುಸ್ತಾಗುವವರೆಗೆ ಸೈಕಲ್ ತುಳಿಯಲು ಹೇಳಿದರು. 11 ಡಿಗ್ರಿಯಲ್ಲಿ ಸರಾಸರಿ 93 ನಿಮಿಷ ತುಳಿದರು. 31 ಡಿಗ್ರಿಯಲ್ಲಿ 52 ನಿಮಿಷಕ್ಕೇ ಕೈಚೆಲ್ಲಿದರು. ಆದರೆ 4 ಡಿಗ್ರಿಗೆ ಇಳಿಸಿದಾಗ 81 ನಿಮಿಷ ಅಷ್ಟೇ. ತಂಪು ಬೇಕು, ಕೊರೆಯುವ ಚಳಿ ಬೇಡ.

ಇನ್ನು ಕಾಲು ಬಿಗಿಯುವ ವಿಷಯ. ಸ್ನಾಯು ತಣ್ಣಗಿದ್ದರೆ ನರದ ಸಂದೇಶ ನಿಧಾನವಾಗುತ್ತದೆ, ಸ್ನಾಯು ಬಿಗಿದು ಸಡಿಲವಾಗುವುದೂ ನಿಧಾನ. ಸ್ನಾಯುವಿನ ಬಿಸಿ ಒಂದು ಡಿಗ್ರಿ ಇಳಿದರೆ ಜಿಗಿತ, ಸ್ಪ್ರಿಂಟ್‌ಗಳ ಕಸುವು ಸುಮಾರು 3ರಿಂದ 5 ಪರ್ಸೆಂಟ್ ಕುಗ್ಗಬಹುದು. ನಿಮಗೆ ಎರಡು ಕಿಲೋಮೀಟರ್‌ನಲ್ಲಿ ಮೈ ಕಾದು ಎಲ್ಲ ಸರಿಹೋಗುತ್ತದೆ. ನೂರು ಮೀಟರ್ ಓಡುವವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಪ್ರಶ್ನೆ: ಮೇಡಂ, ನಾನು ಲಾಂಗ್ ಜಂಪ್ ಮಾಡುವವನು. ಚೆನ್ನಾಗಿ ವಾರ್ಮ್ ಅಪ್ ಮಾಡಿರುತ್ತೇನೆ, ಆದರೂ ಚಳಿಯಲ್ಲಿ ಮೊದಲ ಜಿಗಿತ ಸೋತುಹೋಗುತ್ತದೆ. ಇನ್ನೂ ಜಾಸ್ತಿ ಹೊತ್ತು ಮಾಡಬೇಕಾ?

ಉತ್ತರ: ಬೇಡ. ವಾರ್ಮ್ ಅಪ್ ಮುಗಿದ ಮೇಲೆ ಏನು ಮಾಡುತ್ತೀರಿ, ಅದು ಮುಖ್ಯ. ಹೆಸರು ಕೂಗುವವರೆಗೆ ಬೆಂಚಿನ ಮೇಲೆ ಸುಮ್ನೆ ಕೂರುತ್ತೀರಿ, ಅಲ್ವಾ? ಕಾದ ಸ್ನಾಯು ಹದಿನೈದು ಇಪ್ಪತ್ತು ನಿಮಿಷದಲ್ಲಿ ಚೆನ್ನಾಗಿಯೇ ತಣ್ಣಗಾಗುತ್ತದೆ. ಬೆವರಿದ ಶರ್ಟ್ ಮೈಗೆ ಅಂಟಿದ್ದರೆ ಇನ್ನೂ ಬೇಗ. ಒದ್ದೆ ಬಟ್ಟೆ ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಅದರಲ್ಲೂ ಹತ್ತಿ ಬಟ್ಟೆ ಒಮ್ಮೆ ನೆನೆದರೆ ಸುಲಭವಾಗಿ ಒಣಗುವುದಿಲ್ಲ.

ವಾರ್ಮ್ ಅಪ್ ಆದ ಕೂಡಲೇ ಒಳಗಿನ ಶರ್ಟ್ ಬದಲಾಯಿಸಿ. ದಪ್ಪ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಿ, ನಿಮ್ಮ ಸರದಿ ಬಂದಾಗಲೇ ಬಿಚ್ಚಿ. ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ದೊಡ್ಡ ಮಟ್ಟದ ಸ್ಪರ್ಧಿಗಳು ಬ್ಯಾಟರಿಯಿಂದ ಬಿಸಿಯಾಗುವ ಪ್ಯಾಂಟ್ ಹಾಕಿಕೊಂಡು ಕಾಯುವುದೂ ಉಂಟು. ನಮಗೆ ಅಷ್ಟೆಲ್ಲ ಬೇಕಿಲ್ಲ. ಎರಡು ಮೂರು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಸಲ ಕುಪ್ಪಳಿಸಿದರೂ ಸಾಕು. ಕೋಚ್‌ಗಳು ಈ ಕಾಯುವ ಹೊತ್ತಿನ ಬಗ್ಗೆ ಇನ್ನೂ ಹೆಚ್ಚು ಗಮನ ಕೊಡಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಪ್ರಶ್ನೆ: ಚಳಿಯಲ್ಲಿ ಜೋರಾಗಿ ಓಡಿದರೆ ಗಂಟಲು ಉರಿಯುತ್ತದೆ. ನಿಲ್ಲಿಸಿದ ಮೇಲೆ ಕೆಮ್ಮು. ಶ್ವಾಸಕೋಶ ಹೆಪ್ಪುಗಟ್ಟುತ್ತದೆ ಅಂತ ಯಾರೋ ಹೆದರಿಸಿದರು.

ಉತ್ತರ: ಹೆದರಬೇಡಿ, ಹಾಗಾಗುವುದಿಲ್ಲ. ಒಳಗೆ ಇಳಿಯುವಷ್ಟರಲ್ಲಿ ಗಾಳಿ ಬಿಸಿಯಾಗಿರುತ್ತದೆ. ತೊಂದರೆ ಕೊಡುವುದು ಅದರ ಒಣತನ. ತಣ್ಣನೆಯ ಗಾಳಿಯಲ್ಲಿ ತೇವ ತೀರಾ ಕಡಿಮೆ. ಬಾಯಲ್ಲಿ ಜೋರಾಗಿ ಉಸಿರೆಳೆದಾಗ ಉಸಿರಿನ ದಾರಿಯೇ ಒಣಗುತ್ತದೆ, ಕೆಲವರಿಗೆ ಅದು ಕಿರಿದಾಗುತ್ತದೆ. ಹಿಮದ ಮೇಲೆ ದೂರದ ಸ್ಕೀ ಓಟ ಮಾಡುವವರಲ್ಲಿ ಆಸ್ತಮಾ ಹೆಚ್ಚಾಗಿ ಕಾಣಿಸಲು ಇದೂ ಒಂದು ಕಾರಣ. ಮೈನಸ್ 20 ಡಿಗ್ರಿಗಿಂತ ಕೆಳಗೆ ಹೋದರೆ ಅಂತಾರಾಷ್ಟ್ರೀಯ ಮಟ್ಟದಲ್ಲಿ ಆ ಓಟವನ್ನೇ ನಡೆಸುವುದಿಲ್ಲ.

ಬಾಯಿ ಮೂಗಿಗೆ ತೆಳ್ಳಗಿನ ಬಟ್ಟೆ ಕಟ್ಟಿಕೊಳ್ಳಿ. ಬಿಟ್ಟ ಉಸಿರಿನ ತೇವ ಅದರಲ್ಲಿ ನಿಂತು, ಮುಂದಿನ ಉಸಿರಿಗೆ ಸಿಗುತ್ತದೆ. ಓಟ ನಿಲ್ಲಿಸಿದ ಐದು ಹತ್ತು ನಿಮಿಷದಲ್ಲಿ ಎದೆ ಬಿಗಿದು ಸುಯ್ ಸುಯ್ ಸದ್ದು ಬಂದರೆ ಮಾತ್ರ ಪರೀಕ್ಷೆ ಮಾಡಿಸಿ. ಓಟಕ್ಕೆ ಮುಂಚೆ ತೆಗೆದುಕೊಳ್ಳುವ ಇನ್ಹೇಲರ್‌ನಿಂದ ತುಂಬಾ ಜನರಿಗೆ ಅನುಕೂಲವಾಗಿದೆ.

ಪ್ರಶ್ನೆ: ಚಳಿಯಲ್ಲಿ ಬಾಯಾರಿಕೆಯೇ ಆಗಲ್ಲ. ನೀರು ಬೇಕಾ?

ಉತ್ತರ: ಬೇಕು. ಚಳಿಗೆ ಬಾಯಾರಿಕೆ ಮಂಕಾಗುತ್ತದೆ, ಮೂತ್ರ ಮಾತ್ರ ಜಾಸ್ತಿ ಹೋಗುತ್ತದೆ. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲದು ಅಂತ ತಿಳಿಯಿರಿ.

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ ಬಿಪಿ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಎಷ್ಟೇ ಚಳಿ ಇದ್ದರೂ ಬೆಳಗ್ಗೆ ಬಿರುಸಿನ ವಾಕಿಂಗ್ ಬಿಡುವುದಿಲ್ಲ. ಬಿಡಿಸಬೇಕಾ?

ಉತ್ತರ: ವಾಕಿಂಗ್ ಬಿಡಿಸಬೇಡಿ, ಹೊತ್ತು ಬದಲಾಯಿಸಿ. ಚಳಿಗೆ ರಕ್ತನಾಳಗಳು ಕಿರಿದಾಗಿ ಬಿಪಿ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಬಿಸಿಲು ಬಂದ ಮೇಲೆ ಹೊರಡಲಿ. ಮನೆಯೊಳಗೇ ಹತ್ತು ನಿಮಿಷ ಓಡಾಡಿ ಮೈ ಬಿಸಿ ಮಾಡಿಕೊಳ್ಳಲಿ. ಟೋಪಿ, ಕೈಗವಸು ಇರಲಿ. ತೀರಾ ಚಳಿ ಇದ್ದ ದಿನ ಒಳಗೇ ನಡೆಯಲಿ. ಅವರ ಹೃದಯದ ಡಾಕ್ಟರನ್ನೂ ಒಮ್ಮೆ ಕೇಳಿ. ನಡೆಯುವಾಗ ಎದೆ ಹಿಂಡಿದಂತಾದರೆ, ದವಡೆಗೋ ಎಡಗೈಗೋ ನೋವು ಹರಿದರೆ ಅಲ್ಲೇ ನಿಲ್ಲಬೇಕು, ಕೂಡಲೇ ಆಂಬ್ಯುಲೆನ್ಸ್ ಕರೆಸಬೇಕು. ಮನೆಗೆ ಹೋಗಿ ನೋಡೋಣ ಅಂತ ನಡೆದುಕೊಂಡು ಬರುವುದು ಬೇಡವೇ ಬೇಡ. ಫೋನ್ ಜೇಬಿನಲ್ಲಿ ಇಟ್ಟುಕೊಂಡೇ ಹೊರಡಲು ಹೇಳಿ.